ಎಳೆದ ಪ್ಲಾಸ್ಟಿಕ್ ಎಲ್ಲಿಯವರೆಗೆ ತೆಳುವಾಗುತ್ತದೆ?

ಪ್ಲಾಸ್ಟಿಕ್ ಮತ್ತು ರಬ್ಬರನ್ನು ಎಳೆದಾಗ ಆಗುವ ಬದಲಾವಣೆಗಳ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲ ಉತ್ತರ ತುಸು ದೀರ್ಘವಾಗಿದೆ. ಉಳಿದ ಉತ್ತರಗಳು ಬಹುಮಟ್ಟಿಗೆ ಅದನ್ನೇ ಆಧರಿಸಿರುವುದರಿಂದ ಅದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ ಎಂದು ವಿನಂತಿ.

ಪ್ರಶ್ನೆ: ಕಿರಾಣಿ ಅಂಗಡಿಯಿಂದ ಭಾರದ ಸಾಮಾನು ತರುವಾಗ ಪ್ಲಾಸ್ಟಿಕ್ ಕೈಚೀಲದ ಹಿಡಿ ಒಂದು ಕಡೆ ಸಣ್ಣಗಾಗುತ್ತದೆ. ಇನ್ನೇನು ಅಲ್ಲೇ ಹರಿಯುತ್ತದೆ ಎಂದುಕೊಂಡರೆ ಹಾಗಾಗುವುದಿಲ್ಲ. ಸಣ್ಣಗಾದ ಭಾಗ ಹಾಗೆಯೇ ಉಳಿದು ಅದರ ಪಕ್ಕದ ಭಾಗ ಸಣ್ಣಗಾಗತೊಡಗುತ್ತದೆ. ತೆಳುವಾದ ಜಾಗವೇ ದುರ್ಬಲವಾಗಿರಬೇಕಲ್ಲವೇ?
— ಓದುಗರೊಬ್ಬರು, ತಿಪಟೂರು

ಉತ್ತರ: ನೀವು ಕಂಡದ್ದು ಸರಿ, ನಿಮ್ಮ ಅನುಮಾನವೂ ಸಹಜವಾದದ್ದೇ. (ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಾಗಿರುವ ಚೀಲ ಇನ್ನೂ ಅಂಗಡಿಯಲ್ಲಿ ಸಿಗುತ್ತಿದೆ ಎಂಬುದು ಬೇರೆ ಮಾತು.) ತೆಳುವಾದ ಜಾಗದಲ್ಲಿ ಅಷ್ಟೇ ಭಾರವನ್ನು ಕಡಿಮೆ ವಸ್ತು ಹೊರಬೇಕಾಗುವುದರಿಂದ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಬಲ ಅಲ್ಲಿ ಹೆಚ್ಚುತ್ತದೆ. ವಸ್ತುವಿನ ಗುಣ ಮೊದಲಿನಂತೆಯೇ ಇದ್ದಿದ್ದರೆ ಅದು ಅಲ್ಲಿಯೇ ಹರಿಯಬೇಕಿತ್ತು. ಹರಿಯಲಿಲ್ಲವೆಂದರೆ, ತೆಳುವಾಗುವ ಹೊತ್ತಿನಲ್ಲೇ ಆ ಭಾಗದ ವಸ್ತು ಒಳಗಿನಿಂದ ಬದಲಾಗಿದೆ ಎಂದೇ ತಿಳಿಯಬೇಕು.

ಇದನ್ನು ಮನೆಯಲ್ಲೇ ನಿಧಾನವಾಗಿ ನೋಡಬಹುದು. ಮುಟ್ಟಿದರೆ ಸರಸರ ಸದ್ದು ಮಾಡುವ ಚೀಲ ಸಾಮಾನ್ಯವಾಗಿ ಹೆಚ್ಚು ಸಾಂದ್ರತೆಯ ಪಾಲಿಥೀನಿನದು. ಅದರಿಂದ ಒಂದು ಸೆಂಟಿಮೀಟರ್ ಅಗಲದ, ಗೇಣುದ್ದದ ಪಟ್ಟಿಯನ್ನು ಕತ್ತರಿಸಿ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಆರಂಭದಲ್ಲಿ ಅದು ಸ್ವಲ್ಪವೇ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಇನ್ನೂ ಎಳೆದರೆ ಯಾವುದೋ ಒಂದು ಜಾಗದಲ್ಲಿ ಪಟ್ಟಿಯ ಎರಡೂ ಅಂಚುಗಳು ಒಳಕ್ಕೆ ಸರಿದು, ಆ ಭಾಗ ಕಿರಿದಾಗಿ ತುಸು ಬೆಳ್ಳಗಾಗುತ್ತದೆ. ಕಿರಿದಾದ ಈ ಭಾಗಕ್ಕೆ ಎಂಜಿನಿಯರುಗಳು ನೆಕ್ ಎನ್ನುತ್ತಾರೆ. ಈಗ ಎಳೆಯುತ್ತಲೇ ಇದ್ದರೆ ನೆಕ್ ಮತ್ತಷ್ಟು ಕಿರಿದಾಗುವುದಿಲ್ಲ, ಉದ್ದವಾಗುತ್ತದೆ; ಅದರ ಎರಡು ಬದಿಯ ಇಳಿಜಾರುಗಳು ಪಟ್ಟಿಯ ತುದಿಗಳತ್ತ ಸರಿಯುತ್ತಾ, ಅಗಲವಾಗಿದ್ದ ಭಾಗವನ್ನು ಸ್ವಲ್ಪಸ್ವಲ್ಪವಾಗಿ ತಮ್ಮೊಳಗೆ ಸೇರಿಸಿಕೊಳ್ಳುತ್ತವೆ. ಒಂದು ದಿಕ್ಕಿನಲ್ಲಿ ಕತ್ತರಿಸಿದ ಪಟ್ಟಿ ಬೇಗ ಹರಿದುಹೋದರೆ ಅದಕ್ಕೆ ಅಡ್ಡವಾಗಿ ಇನ್ನೊಂದನ್ನು ಕತ್ತರಿಸಿ ನೋಡಿ, ಏಕೆಂದರೆ ಈ ಹಾಳೆಗಳು ಕಾರ್ಖಾನೆಯಲ್ಲಿ ತಯಾರಾಗುವಾಗಲೇ ಸ್ವಲ್ಪ ಎಳೆತಕ್ಕೆ ಸಿಕ್ಕಿರುತ್ತವೆ. ಹಾಲಿನ ಪ್ಯಾಕೆಟ್ಟಿನಂಥ ಮೆತ್ತನೆಯ, ಕಡಿಮೆ ಸಾಂದ್ರತೆಯ ಪಾಲಿಥೀನಿನಲ್ಲಿ ನೆಕ್ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಪಟ್ಟಿ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನಾಗಿ ಸಣ್ಣಗಾಗುತ್ತದೆ.

ನೆಕ್ ಹುಟ್ಟುವುದು ಯಾವಾಗ ಎಂಬ ಲೆಕ್ಕವನ್ನು ಪ್ಲಾಸ್ಟಿಕ್‌ಗಳು ಬರುವುದಕ್ಕೂ ಮುಂಚೆ, 1885ರಲ್ಲಿ, ಕಬ್ಬಿಣ ಮತ್ತು ಉಕ್ಕಿನ ವಿಷಯದಲ್ಲಿ ಫ್ರಾನ್ಸಿನ ಎಂಜಿನಿಯರ್ ಅರ್ಮಾಂ ಕಾನ್ಸಿಡೇರ್ ಮುಂದಿಟ್ಟಿದ್ದರು. ಪಟ್ಟಿಯ ಯಾವುದೋ ಒಂದು ತುಣುಕು ನೂರಕ್ಕೆ ಒಂದರಷ್ಟು ಉದ್ದವಾಯಿತೆನ್ನಿ. ಅದರ ಒಟ್ಟು ಘನಗಾತ್ರ ಬದಲಾಗದಿದ್ದರೆ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚುಕಡಿಮೆ ನೂರಕ್ಕೆ ಒಂದರಷ್ಟೇ ಕುಗ್ಗಬೇಕು. ಆ ಎಳೆತದಿಂದಲೇ ತುಣುಕಿನ ಬಿಗಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಏರಿದರೆ ಅದು ಅಕ್ಕಪಕ್ಕದ ಭಾಗಕ್ಕಿಂತ ಹೆಚ್ಚು ಭಾರ ಹೊರಬಲ್ಲದು. ಆಗ ಹಿಗ್ಗುವ ಸರದಿ ಪಕ್ಕದವರದಾಗಿ, ಪಟ್ಟಿ ಎಲ್ಲೆಡೆ ಸಮನಾಗಿ ತೆಳುವಾಗುತ್ತದೆ. ಬಿಗಿ ಅಷ್ಟು ಏರದಿದ್ದರೆ ಆ ತುಣುಕಿನ ಒಟ್ಟು ಸಾಮರ್ಥ್ಯ ಕುಸಿಯುತ್ತದೆ, ಮುಂದಿನ ಎಳೆತವೆಲ್ಲ ಅಲ್ಲಿಯೇ ಸೇರಿಕೊಳ್ಳುತ್ತದೆ, ಅದು ಇನ್ನಷ್ಟು ತೆಳುವಾಗುತ್ತದೆ. ನೆಕ್ ಹುಟ್ಟುವುದು ಹೀಗೆ. ಯಾವ ತುಣುಕು ಮೊದಲು ಸೋಲುತ್ತದೆ ಎಂಬುದು ಕತ್ತರಿಯ ಸಣ್ಣ ಕಚ್ಚು, ಹಾಳೆಯ ದಪ್ಪದಲ್ಲಿನ ಅತಿ ಚಿಕ್ಕ ವ್ಯತ್ಯಾಸ ಇಂಥವುಗಳನ್ನು ಅವಲಂಬಿಸಿರುತ್ತದೆ.

ಇಲ್ಲಿಯವರೆಗೆ ಉಕ್ಕಿಗೂ ಪಾಲಿಥೀನಿಗೂ ಭೇದವಿಲ್ಲ. ಭೇದವಿರುವುದು ಆಮೇಲೆ. ಉಕ್ಕಿನ ಸರಳಿನಲ್ಲಿ ಒಮ್ಮೆ ಹುಟ್ಟಿದ ನೆಕ್ ಕಿರಿದಾಗುತ್ತಲೇ ಹೋಗಿ ಅಲ್ಲಿಯೇ ತುಂಡಾಗುತ್ತದೆ. ಪಾಲಿಥೀನಿನಲ್ಲಿ ಮಾತ್ರ ಸ್ವಲ್ಪ ದೂರ ಹೋದ ಮೇಲೆ ಬಿಗಿಯಾಗುವಿಕೆ ತೆಳುವಾಗುವಿಕೆಯನ್ನು ಮತ್ತೆ ಹಿಂದಿಕ್ಕುತ್ತದೆ. ಇದಕ್ಕೆ ಕಾರಣ ಪಾಲಿಮರುಗಳ ಅಣುರಚನೆ. ಸಾವಿರಾರು ಇಂಗಾಲದ ಪರಮಾಣುಗಳು ಸಾಲಾಗಿ ಜೋಡಣೆಗೊಂಡ ಉದ್ದನೆಯ ಸರಪಳಿಗಳು ಅಲ್ಲಿ ಹೊಸೆಯುವುದಕ್ಕೆ ಮುನ್ನ ಗುಡ್ಡೆ ಹಾಕಿದ ತೆಂಗಿನ ನಾರಿನಂತೆ ಯಾವ ದಿಕ್ಕೂ ಇಲ್ಲದೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಪಾಲಿಥೀನಿನಲ್ಲಿ ಈ ಸರಪಳಿಗಳ ಬಹುಪಾಲು ಹಿಂದೆಮುಂದೆ ಮಡಿಸಿಕೊಂಡು, ಸುಮಾರು 10 ನ್ಯಾನೋಮೀಟರ್ ದಪ್ಪದ ಸ್ಫಟಿಕದ ಹಲ್ಲೆಗಳಾಗಿರುತ್ತವೆ. ಹಲ್ಲೆಗಳ ನಡುವೆ ಮೆತ್ತನೆಯ ಗೋಜಲು ಇರುತ್ತದೆ. ಎಳೆತ ಒಂದು ಮಿತಿ ದಾಟಿದಾಗ ಹಲ್ಲೆಗಳು ಓರೆಯಾಗಿ, ಜಾರಿ, ಚೂರಾಗುತ್ತವೆ, ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಸರಪಳಿಗಳು ಎಳೆತದ ದಿಕ್ಕಿಗೆ ಸಾಲುಗಟ್ಟಿ ಸೂಕ್ಷ್ಮವಾದ ಎಳೆಗಳಾಗುತ್ತವೆ. ಎಳೆಗಳ ನಡುವೆ ಉಂಟಾಗುವ ಪುಟ್ಟ ಪೊಳ್ಳುಗಳು ಬೆಳಕನ್ನು ಚದುರಿಸುವುದರಿಂದಲೇ ನೆಕ್ ಬೆಳ್ಳಗೆ ಕಾಣುವುದು.

ಮೊದಲು ಭಾರವನ್ನು ತಡೆದಿದ್ದು ಮುಖ್ಯವಾಗಿ ಸರಪಳಿ ಸರಪಳಿಗಳ ನಡುವಿನ ದುರ್ಬಲ ಆಕರ್ಷಣೆ. ಸಾಲುಗಟ್ಟಿದ ಮೇಲೆ ಭಾರ ಬೀಳುವುದು ಸರಪಳಿಯೊಳಗಿನ ಇಂಗಾಲ–ಇಂಗಾಲ ಬಂಧಗಳ ಮೇಲೆ. ಆದ್ದರಿಂದ ತೆಳುವಾದ ಭಾಗ ಎಳೆತದ ದಿಕ್ಕಿನಲ್ಲಿ ಪಕ್ಕದ ದಪ್ಪ ಭಾಗಕ್ಕಿಂತ ಗಟ್ಟಿ, ಮತ್ತು ಮುಂದಿನ ಎಳೆತಕ್ಕೆ ಬಾಗಬೇಕಾದವರು ಆ ದಪ್ಪನೆಯವರೇ.

ನೆಕ್ ಎಷ್ಟು ಕಿರಿದಾಗಿ ನಿಲ್ಲುತ್ತದೆ ಎಂಬುದನ್ನು ಸರಪಳಿಗಳ ನಡುವಿನ ಸಿಕ್ಕುಗಳು ಬಹುಮಟ್ಟಿಗೆ ತೀರ್ಮಾನಿಸುತ್ತವೆ. ಸಿಕ್ಕಿನಿಂದ ಸಿಕ್ಕಿಗೆ ಇರುವ ತುಣುಕು ನೆಟ್ಟಗಾದ ಮೇಲೆ ಮುಂದಕ್ಕೆ ಹೋಗಲು ಜಾಗವಿಲ್ಲ. ಪಟ್ಟಿ 5 ಪಟ್ಟು ಉದ್ದವಾಗಿ ನಿಂತಿತೆಂದು ಇಟ್ಟುಕೊಂಡರೆ ಅಡ್ಡಕೊಯ್ತ ಐದರಲ್ಲೊಂದು ಪಾಲಾಗಬೇಕು. ಅಗಲ ಮತ್ತು ದಪ್ಪ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ 10 ಮಿಲಿಮೀಟರ್ ಅಗಲ ಸುಮಾರು ನಾಲ್ಕೂವರೆಗೂ, 50 ಮೈಕ್ರಾನ್ ದಪ್ಪ ಸುಮಾರು 22ಕ್ಕೂ ಇಳಿಯುತ್ತದೆ. ನಿಮ್ಮ ಪಟ್ಟಿಯ ಮೇಲೆ ಪೆನ್ನಿನಿಂದ ಒಂದೊಂದು ಸೆಂಟಿಮೀಟರಿಗೆ ಗೆರೆ ಎಳೆದುಕೊಂಡರೆ, ನೆಕ್ ದಾಟಿಹೋದ ಗೆರೆಗಳ ಅಂತರವನ್ನು ಅಳೆದು ಈ ಪಟ್ಟನ್ನು ನೀವೇ ಕಂಡುಕೊಳ್ಳಬಹುದು.

ಇಷ್ಟಾಗಿಯೂ ವೇಗದ ಮಾತೊಂದು ಉಳಿಯಿತು. ಅದೇ ಪಟ್ಟಿಯನ್ನು ಥಟ್ಟನೆ ಜಗ್ಗಿದರೆ ನೆಕ್ ಹರಡುವ ಮೊದಲೇ ಹರಿಯಬಹುದು, ಏಕೆಂದರೆ ಸರಪಳಿಗಳು ಜಾರಿ ಸಾಲುಗಟ್ಟುವುದಕ್ಕೆ ಸಮಯ ಬೇಕು. ಚಳಿ ಹೆಚ್ಚಿದರೂ ಪರಿಣಾಮ ಅದೇ. ಪರೀಕ್ಷಾಲಯಗಳಲ್ಲಿ ಡಂಬೆಲ್ ಆಕಾರಕ್ಕೆ ಕತ್ತರಿಸಿದ ಮಾದರಿಯನ್ನು ಯಂತ್ರಕ್ಕೆ ಕಚ್ಚಿಸಿ ಎಳೆಯುವಾಗ ವೇಗ ಮತ್ತು ಉಷ್ಣತೆಯನ್ನು ತಪ್ಪದೆ ಬರೆದಿಡುವುದು ಇದಕ್ಕಾಗಿಯೇ. ಅವೆರಡನ್ನು ಹೇಳದೆ ಒಂದು ಪ್ಲಾಸ್ಟಿಕ್ ಇಷ್ಟು ಜಗ್ಗುತ್ತದೆ ಎಂದು ಹೇಳಿದರೆ ಅದು ಅರ್ಧ ಮಾಹಿತಿ.

ಪ್ರಶ್ನೆ: ಅಕ್ಕಿ ಚೀಲದಿಂದ ಬಿಡಿಸಿದ ಪ್ಲಾಸ್ಟಿಕ್ ಪಟ್ಟಿ ಎಷ್ಟು ಎಳೆದರೂ ಜಗ್ಗುವುದೇ ಇಲ್ಲ, ಆದರೆ ಉಗುರು ತಾಗಿದರೆ ಸಾಕು, ಉದ್ದುದ್ದ ಸೀಳುತ್ತದೆ. ಇದು ಬೇರೆ ಜಾತಿಯ ಪ್ಲಾಸ್ಟಿಕ್ಕೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಆ ಚೀಲಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನವು. ಜಗ್ಗದಿರುವುದಕ್ಕೆ ಕಾರಣ ಅದರ ಜಾತಿಯಲ್ಲ, ಅದು ಈಗಾಗಲೇ ಜಗ್ಗಿಸಿಕೊಂಡು ಬಂದಿರುವುದು. ಮೊದಲ ಉತ್ತರದಲ್ಲಿ ಕೈಯಿಂದ ಮಾಡಿದ್ದನ್ನೇ ಇಲ್ಲಿ ಕಾರ್ಖಾನೆ ಬಿಸಿಮಾಡಿ, ಅಳತೆ ಹಿಡಿದು ಮಾಡಿರುತ್ತದೆ. ಕರಗಿದ ಪ್ಲಾಸ್ಟಿಕ್ಕನ್ನು ಹಾಳೆಯಾಗಿ ಇಳಿಸಿ, ಸಾಲು ಬ್ಲೇಡುಗಳಿಂದ ಪಟ್ಟಿಗಳಾಗಿ ಸೀಳಿ, ಹಿಂದಿನ ರೋಲರಿಗಿಂತ ಮುಂದಿನ ರೋಲರನ್ನು ಹಲವು ಪಟ್ಟು ವೇಗವಾಗಿ ತಿರುಗಿಸಿ ಪಟ್ಟಿಗಳನ್ನು ಎಳೆಯುತ್ತಾರೆ. ಬ್ಲೇಡುಗಳ ನಡುವೆ 6 ಮಿಲಿಮೀಟರ್ ಅಂತರವಿಟ್ಟು 6 ಪಟ್ಟು ಎಳೆದರೆ ಕೊನೆಗೆ ಸಿಗುವ ಪಟ್ಟಿಯ ಅಗಲ ಸುಮಾರು ಎರಡೂವರೆ ಮಿಲಿಮೀಟರ್. ಮಗ್ಗಕ್ಕೆ ಬೇಕಾದ ಅಗಲದಿಂದ ಹಿಂದಕ್ಕೆ ಲೆಕ್ಕ ಹಾಕಿಯೇ ಬ್ಲೇಡುಗಳನ್ನು ಜೋಡಿಸಬೇಕಾಗುತ್ತದೆ. ಸರಪಳಿಗಳು ಉದ್ದುದ್ದವಾಗಿ ಸಾಲುಗಟ್ಟಿರುವುದರಿಂದ ಆ ದಿಕ್ಕಿನಲ್ಲಿ ಬಲ ಬಹಳ. ಅಡ್ಡದಿಕ್ಕಿನಲ್ಲಿ ಸಾಲುಗಳನ್ನು ಹಿಡಿದಿಡಲು ದುರ್ಬಲ ಆಕರ್ಷಣೆ ಬಿಟ್ಟರೆ ಹೆಚ್ಚೇನೂ ಇಲ್ಲವಾದ್ದರಿಂದ ಉಗುರಿಗೇ ಸೀಳುತ್ತದೆ. ಹಾಸು ಮತ್ತು ಹೊಕ್ಕು ಎರಡರಲ್ಲೂ ಇದೇ ಪಟ್ಟಿ ಹಾಕಿ ನೇಯ್ದರೆ ಎರಡೂ ದಿಕ್ಕಿಗೆ ಬಲ ಸಿಗುತ್ತದೆ.

ಈ ತಂತ್ರಕ್ಕೆ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. 1930ರಲ್ಲಿ ಅಮೆರಿಕದ ವಿಲ್ಮಿಂಗ್ಟನ್ನಿನಲ್ಲಿದ್ದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವಾಲೆಸ್ ಕರೋಥರ್ಸ್ ಅವರ ತಂಡದ ಜೂಲಿಯನ್ ಹಿಲ್, ತಾವು ತಯಾರಿಸಿದ ಒಂದು ಪಾಲಿಯೆಸ್ಟರಿನ ಕರಗಿದ ಮುದ್ದೆಯಿಂದ ನೂಲೆಳೆದರು. ತಣ್ಣಗಾದ ಆ ನೂಲನ್ನು ಮತ್ತೊಮ್ಮೆ ಎಳೆದಾಗ ಅದು ಹಲವು ಪಟ್ಟು ಉದ್ದವಾಗಿ, ಮಂಕಾಗಿದ್ದುದು ರೇಷ್ಮೆಯಂತೆ ಹೊಳೆಯತೊಡಗಿ, ಗಟ್ಟಿಯೂ ಆಯಿತು. ಆ ಪಾಲಿಯೆಸ್ಟರ್ ಬಹಳ ಕಡಿಮೆ ಉಷ್ಣತೆಗೇ ಕರಗುತ್ತಿದ್ದುದರಿಂದ ಬಟ್ಟೆಗೆ ಬರುವಂತಿರಲಿಲ್ಲ. ಆದರೆ ತಣ್ಣಗಿರುವಾಗ ಎಳೆಯುವ ವಿದ್ಯೆ ಕೈಗೆ ಬಂದಿತ್ತು. 1935ರ ಫೆಬ್ರವರಿಯಲ್ಲಿ ಅದೇ ತಂಡ ನೈಲಾನ್ ತಯಾರಿಸಿತು. 1940ರ ಮೇ ತಿಂಗಳಲ್ಲಿ ನೈಲಾನ್ ಕಾಲುಚೀಲಗಳು ಅಮೆರಿಕದಾದ್ಯಂತ ಮಾರಾಟಕ್ಕೆ ಬಂದವು. ನೈಲಾನನ್ನು ಹೊಗಳುವವರು ಅದರ ರಸಾಯನವನ್ನಷ್ಟೇ ಹೊಗಳುತ್ತಾರೆ. ಎಳೆಯದ ನೈಲಾನ್ ನೂಲಿನಿಂದ ಒಳ್ಳೆಯ ಕಾಲುಚೀಲವಂತೂ ಆಗುತ್ತಿರಲಿಲ್ಲ.

ಸಿಕ್ಕುಗಳೇ ಎಳೆತಕ್ಕೆ ಮಿತಿ ಹಾಕುತ್ತವೆ ಎಂದ ಮೇಲೆ ಸಿಕ್ಕು ಬಿಡಿಸಿದರೆ ಇನ್ನೂ ಎಳೆಯಬಹುದಲ್ಲವೇ? ನೆದರ್ಲೆಂಡ್ಸಿನ ಡಿಎಸ್‌ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1970ರ ದಶಕದ ಕೊನೆಯಲ್ಲಿ ಮಾಡಿದ್ದು ಅದನ್ನೇ. ಅತಿ ಉದ್ದದ ಸರಪಳಿಗಳ ಪಾಲಿಥೀನನ್ನು ದ್ರಾವಕದಲ್ಲಿ ಕರಗಿಸಿ, ಸಿಕ್ಕುಗಳು ವಿರಳವಾಗಿರುವ ಸ್ಥಿತಿಯಲ್ಲೇ ಜೆಲ್ಲಿಯಂಥ ನೂಲಾಗಿಸಿ, ಮೂವತ್ತು ಪಟ್ಟಿಗೂ ಮಿಕ್ಕಿ ಎಳೆದರು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಹಲವು ಪಟ್ಟು ಬಲವಿರುವ ಆ ನೂಲು ಇಂದು ಗುಂಡುನಿರೋಧಕ ಕವಚಗಳಲ್ಲಿಯೂ ಹಡಗಿನ ಹಗ್ಗಗಳಲ್ಲಿಯೂ ಇದೆ. ಮೂಲವಸ್ತು ಮಾತ್ರ ಕಿರಾಣಿ ಚೀಲದ್ದೇ, ಪಾಲಿಥೀನು.

ಪ್ರಶ್ನೆ: ನಮ್ಮದು ರಬ್ಬರ್ ತೋಟ. ನಾವು ಮಾಡುವ ಶೀಟನ್ನು ಎಳೆದು ಹಿಡಿದು ಬಿಟ್ಟರೆ ಪೂರ್ತಿ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಅದೇ ರಬ್ಬರಿನಿಂದ ಮಾಡಿದ ರಬ್ಬರ್ ಬ್ಯಾಂಡ್ ಬರುತ್ತದೆ. ಯಾಕೆ? ರಬ್ಬರಿನಲ್ಲಿಯೂ ನೆಕ್ ಉಂಟಾಗುತ್ತದೆಯೇ?
— ಓದುಗರೊಬ್ಬರು, ಸುಳ್ಯ

ಉತ್ತರ: ನೀವು ರಬ್ಬರ್ ಹಾಲಿಗೆ ಆಸಿಡ್ ಸೇರಿಸಿ ಹೆಪ್ಪುಗಟ್ಟಿಸಿ, ರೋಲರಿಗೆ ಕೊಟ್ಟು, ಹೊಗೆಮನೆಯಲ್ಲಿ ಒಣಗಿಸಿದ ಶೀಟಿನಲ್ಲಿ ಸರಪಳಿಗಳು ಸಿಕ್ಕಿಕೊಂಡಿರುತ್ತವೆಯೇ ಹೊರತು ಪರಸ್ಪರ ಕಟ್ಟಿಕೊಂಡಿರುವುದಿಲ್ಲ. ತಟ್ಟನೆ ಎಳೆದು ಬಿಟ್ಟರೆ ಬಹುಪಾಲು ಹಿಂದಕ್ಕೆ ಬರುತ್ತದೆ. ಎಳೆದು ಹಿಡಿದುಕೊಂಡೇ ಇದ್ದರೆ ಸಿಕ್ಕುಗಳು ಮೆಲ್ಲನೆ ಜಾರಿ ಬಿಚ್ಚಿಕೊಂಡು, ಹೊಸ ಉದ್ದವೇ ಅದರ ಸಹಜ ಉದ್ದವಾಗಿಬಿಡುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಂತೆ ಗಂಧಕ ಸೇರಿಸಿ ಬಿಸಿಮಾಡಿದರೆ ಸರಪಳಿಗಳ ನಡುವೆ ಗಂಧಕದ ಸೇತುವೆಗಳಾಗಿ ಅವು ಕಾಯಂ ಆಗಿ ಕಟ್ಟಿಕೊಳ್ಳುತ್ತವೆ. ಬ್ಯಾಂಡಿನಲ್ಲಿರುವುದು ಅಂಥ ರಬ್ಬರು.

ಹಿಂದಕ್ಕೆ ಎಳೆಯುವ ಬಲ ಎಲ್ಲಿಂದ ಬರುತ್ತದೆ ಎಂಬುದು ಇನ್ನೂ ಕುತೂಹಲದ ವಿಷಯ. ಸುರುಳಿಯಾಗಿರುವುದಕ್ಕೆ ಸರಪಳಿಗೆ ಲೆಕ್ಕವಿಲ್ಲದಷ್ಟು ಬಗೆಗಳಿವೆ, ನೆಟ್ಟಗಿರುವುದಕ್ಕೆ ಕೆಲವೇ. ಶಾಖದಿಂದ ಸದಾ ಅಲುಗಾಡುತ್ತಿರುವ ಸರಪಳಿ ತನ್ನಷ್ಟಕ್ಕೆ ಬಿಟ್ಟರೆ ಸುರುಳಿಯ ಕಡೆಗೇ ಹೋಗುತ್ತದೆ. ಆದ್ದರಿಂದ ಬಿಸಿ ಹೆಚ್ಚಿದಷ್ಟೂ ರಬ್ಬರಿನ ಸೆಳೆತ ಹೆಚ್ಚುತ್ತದೆ: ತೂಕ ಕಟ್ಟಿ ಇಳಿಬಿಟ್ಟ ಬ್ಯಾಂಡಿಗೆ ಬಿಸಿಗಾಳಿ ತಾಗಿಸಿದರೆ ಅದು ಕುಗ್ಗಿ ತೂಕವನ್ನು ಮೇಲಕ್ಕೆತ್ತುತ್ತದೆ, ಲೋಹದ ತಂತಿಯಾದರೆ ಉದ್ದವಾಗುತ್ತಿತ್ತು. ಅಗಲವಾದ ಬ್ಯಾಂಡನ್ನು ತುಟಿಗೆ ತಾಗಿಸಿಕೊಂಡು ಚಟ್ಟನೆ ಎಳೆದರೆ ಬೆಚ್ಚಗಾಗುವುದು ತಿಳಿಯುತ್ತದೆ. ಇಂಗ್ಲೆಂಡಿನ ಜಾನ್ ಗಫ್ 1805ರಷ್ಟು ಹಿಂದೆಯೇ ಇದನ್ನು ದಾಖಲಿಸಿದ್ದಾರೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಬ್ಯಾಂಡಿನಲ್ಲಿ ನೆಕ್ ಉಂಟಾಗುವುದಿಲ್ಲ, ಏಕೆಂದರೆ ಕಾನ್ಸಿಡೇರ್ ಲೆಕ್ಕದ ಪ್ರಕಾರ ಅದರಲ್ಲಿ ಬಿಗಿಯಾಗುವಿಕೆ ಎಂದೂ ಹಿಂದೆ ಬೀಳುವುದಿಲ್ಲ. ಹಾಗೆಂದು ತೆಳುವಾಗುವುದು ತಪ್ಪುವುದಿಲ್ಲ. ರಬ್ಬರಿನ ಘನಗಾತ್ರ ಎಳೆದಾಗ ಬದಲಾಗುವುದಿಲ್ಲವೆಂದೇ ಹೇಳಬಹುದು; 6 ಮಿಲಿಮೀಟರ್ ಅಗಲದ ಬ್ಯಾಂಡನ್ನು ಎರಡು ಪಟ್ಟು ಎಳೆದರೆ ಅಗಲ ಸುಮಾರು 4.2 ಮಿಲಿಮೀಟರಿಗೆ ಇಳಿಯುತ್ತದೆ, ದಪ್ಪವೂ ಅದೇ ಪ್ರಮಾಣದಲ್ಲಿ. ಸ್ಕೇಲು ಹಿಡಿದು ನೋಡಿ.

ಪ್ರಶ್ನೆ: ನೀರಿನ ಬಾಟಲಿಗೆ ಕುದಿಯುವ ನೀರು ಹಾಕಿದಾಗ ಅದು ಮುದುರಿಕೊಂಡಿತು. ಆದರೆ ಮುಚ್ಚಳ ತಿರುಗಿಸುವ ಮರೆಯಿರುವ ಬಾಯಿ ಮಾತ್ರ ಹೆಚ್ಚು ಕೆಡಲಿಲ್ಲ. ಕರಗುವುದಾದರೆ ಎಲ್ಲವೂ ಕರಗಬೇಕಿತ್ತಲ್ಲ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅದು ಕರಗಲಿಲ್ಲ. ಪೆಟ್ ಎಂಬ ಆ ಪ್ಲಾಸ್ಟಿಕ್ ಕರಗುವುದು 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಬಾಟಲಿ ಹುಟ್ಟುವಾಗ ದಪ್ಪ ಗೋಡೆಯ ಪ್ರನಾಳದಂತೆ ಇರುತ್ತದೆ, ಬಾಯಿ ಮತ್ತು ಮರೆ ಮಾತ್ರ ಆಗಲೇ ಸಿದ್ಧವಾಗಿರುತ್ತವೆ. ಅದನ್ನು ಸುಮಾರು 100 ಡಿಗ್ರಿಗೆ ಬಿಸಿಮಾಡಿ, ಒಳಗೆ ಕೋಲು ತೂರಿಸಿ ಉದ್ದಕ್ಕೆ ಎಳೆದು, ಹೆಚ್ಚು ಒತ್ತಡದ ಗಾಳಿಯಿಂದ ಅಚ್ಚಿನೊಳಗೆ ಉಬ್ಬಿಸುತ್ತಾರೆ. ಮೂರು ನಾಲ್ಕು ಮಿಲಿಮೀಟರ್ ಇದ್ದ ಗೋಡೆ ಸುಮಾರು 0.3 ಮಿಲಿಮೀಟರಿಗೆ ಇಳಿಯುತ್ತದೆ. ಉಬ್ಬುವಾಗ ಮೊದಲು ತೆಳುವಾದ ಜಾಗ ಮೊದಲು ಬಿಗಿಯಾಗಿ ನಿಂತುಬಿಡುವುದರಿಂದ ಉಳಿದ ಜಾಗಗಳು ಹಿಗ್ಗಿ ಅದರ ಸಮಕ್ಕೆ ಬರುತ್ತವೆ. ಇಷ್ಟು ತೆಳ್ಳಗಿನ ಗೋಡೆ ಎಲ್ಲೆಡೆ ಹೆಚ್ಚುಕಡಿಮೆ ಸಮನಾಗಿರುವುದಕ್ಕೆ ಇದು ಮುಖ್ಯ ಕಾರಣ. ಅಚ್ಚಿನಲ್ಲಿ ತಣ್ಣಗಾದಾಗ ಸರಪಳಿಗಳು ಎಳೆದ ಸ್ಥಿತಿಯಲ್ಲೇ ಸೆಟೆದುಕೊಳ್ಳುತ್ತವೆ.

ಸುಮಾರು 75 ಡಿಗ್ರಿ ದಾಟಿದರೆ ಆ ಸೆಟೆತ ಸಡಿಲವಾಗಿ, ಸರಪಳಿಗಳು ಮತ್ತೆ ಸುರುಳಿಯಾಗಲು ಹೊರಟು ಬಾಟಲಿ ಮುದುರುತ್ತದೆ. ಬಾಯಿಯ ಭಾಗ ಎಳೆತ ಕಂಡೇ ಇಲ್ಲವಾದ್ದರಿಂದ ಅದಕ್ಕೆ ಕುಗ್ಗುವ ಕಾರಣವಿಲ್ಲ. ಬಿಸಿಗಾಳಿ ತಾಗಿಸಿದಾಗ ಸಾಮಾನಿಗೆ ಬಿಗಿಯಾಗಿ ಅಂಟಿಕೊಳ್ಳುವ ಪ್ಯಾಕಿಂಗ್ ಹಾಳೆಯ ಕೆಲಸವೂ ಇದೇ. ಕುದಿಯುವ ನೀರನ್ನಾಗಲಿ ಬಿಸಿ ಕಷಾಯವನ್ನಾಗಲಿ ಈ ಬಾಟಲಿಗಳಿಗೆ ದಯವಿಟ್ಟು ತುಂಬಬೇಡಿ, ಕೈ ಸುಟ್ಟುಕೊಳ್ಳುತ್ತೀರಿ.

ಪ್ರಶ್ನೆ: ತಾರಸಿಯಲ್ಲಿಟ್ಟ ಹಳೆಯ ಪ್ಲಾಸ್ಟಿಕ್ ಬಕೆಟ್ ಎತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಎಳೆದಾಗ ಜಗ್ಗುವ ಗುಣ ಎಲ್ಲಿ ಹೋಯಿತು?
— ಓದುಗರೊಬ್ಬರು, ವಿಜಯಪುರ

ಉತ್ತರ: ಬಿಸಿಲಿನ ಅತಿನೇರಳೆ ಕಿರಣಗಳು ಮತ್ತು ಗಾಳಿಯ ಆಮ್ಲಜನಕ ಸೇರಿ ಸರಪಳಿಗಳನ್ನು ಅಲ್ಲಲ್ಲಿ ತುಂಡರಿಸಿರುತ್ತವೆ. ಸ್ಫಟಿಕದ ಹಲ್ಲೆಯಿಂದ ಹಲ್ಲೆಗೆ ಹಾಯ್ದು ಎರಡನ್ನೂ ಹಿಡಿದಿದ್ದ ಸರಪಳಿಗಳು ಕಡಿದುಹೋದ ಮೇಲೆ ಸಾಲುಗಟ್ಟಿ ಭಾರ ಹೊರಲು ಯಾರೂ ಉಳಿದಿರುವುದಿಲ್ಲ, ನೆಕ್ ಹುಟ್ಟುವ ಮೊದಲೇ ಬಿರುಕು ಓಡುತ್ತದೆ. ಹೊಲದಲ್ಲಿ ಬಳಸುವ ಕಪ್ಪು ಪಾಲಿಥೀನ್ ಪೈಪುಗಳಿಗೆ ತೂಕದ ನೂರಕ್ಕೆ ಎರಡೂವರೆ ಪಾಲಿನಷ್ಟು ಮಸಿಪುಡಿ ಬೆರೆಸುವುದು ಈ ಕಿರಣಗಳನ್ನು ಮೇಲ್ಪದರದಲ್ಲೇ ತಡೆಯುವುದಕ್ಕೆ.

ಪ್ರಶ್ನೆ: ಎಳೆದರೂ ತೆಳುವಾಗದ ವಸ್ತು ಯಾವುದಾದರೂ ಇದೆಯೇ?
— ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದೆ, ಮಗಳೇ. ಉದ್ದ ನೂರಕ್ಕೆ ಒಂದರಷ್ಟು ಹೆಚ್ಚಿದಾಗ ಅಗಲ ನೂರಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಅನುಪಾತಕ್ಕೆ ಪ್ವಾಸೋನ್ ಅನುಪಾತ ಎನ್ನುತ್ತಾರೆ. ರಬ್ಬರಿಗೆ ಅದು 0.5ಕ್ಕೆ ತೀರ ಹತ್ತಿರ, ಉಕ್ಕಿಗೆ ಸುಮಾರು 0.3. ಬಾಟಲಿಗೆ ಹಾಕುವ ಬಿರಡೆಯ ಕಾರ್ಕಿಗೆ ಅದು ಹೆಚ್ಚುಕಡಿಮೆ ಸೊನ್ನೆ. ಒತ್ತಿದಾಗ ಪಕ್ಕಕ್ಕೆ ಉಬ್ಬದಿರುವುದರಿಂದಲೇ ಅದು ಬಾಟಲಿಯ ಕತ್ತಿನೊಳಗೆ ಸಲೀಸಾಗಿ ಇಳಿಯುತ್ತದೆ.

ಸೊನ್ನೆಗಿಂತ ಕಡಿಮೆಯದೂ ಸಾಧ್ಯ, ಅಂದರೆ ಉದ್ದಕ್ಕೆ ಎಳೆದರೆ ಅಗಲವೂ ಹೆಚ್ಚುವ ವಸ್ತು. 1987ರಲ್ಲಿ ಅಮೆರಿಕದ ರೋಡರಿಕ್ ಲೇಕ್ಸ್ ಸಾಮಾನ್ಯ ಪಾಲಿಯುರೆಥೇನ್ ಸ್ಪಂಜನ್ನು ಮೂರೂ ದಿಕ್ಕಿನಿಂದ ಅದುಮಿ, ಮೆತ್ತಗಾಗುವಷ್ಟು ಬಿಸಿಮಾಡಿ, ಅದುಮಿದ ಸ್ಥಿತಿಯಲ್ಲೇ ತಣಿಸಿದರು. ಸ್ಪಂಜಿನ ಪ್ರತಿಯೊಂದು ಗೂಡಿನ ಗೋಡೆಗಳೂ ಒಳಮುಖವಾಗಿ ಮಡಚಿಕೊಂಡವು. ಈಗ ಅದನ್ನು ಒಂದು ದಿಕ್ಕಿಗೆ ಎಳೆದರೆ ಮಡಿಕೆಗಳು ಬಿಚ್ಚುವಾಗ ಅಡ್ಡದಿಕ್ಕಿನ ಗೋಡೆಗಳೂ ಹೊರಕ್ಕೆ ತಳ್ಳಲ್ಪಡುತ್ತವೆ, ಸ್ಪಂಜು ದಪ್ಪವಾಗುತ್ತದೆ. ಇಲ್ಲಿ ಸರಪಳಿಗಳ ಪವಾಡವೇನಿಲ್ಲ, ಗೋಡೆಯ ಪಾಲಿಯುರೆಥೇನ್ ಎಲ್ಲ ಪ್ಲಾಸ್ಟಿಕ್ಕಿನಂತೆ ಎಳೆದರೆ ತೆಳುವಾಗುವಂಥದ್ದೇ. ಎಲ್ಲವೂ ಗೂಡಿನ ಆಕಾರದ ಕೆಲಸ. ಗಟ್ಟಿ ಕಾಗದದಿಂದ ಒಳಕ್ಕೆ ಬಾಗಿದ ಗೋಡೆಗಳ ಷಟ್ಕೋನಗಳನ್ನು ಮಾಡಿ ಒಂದಕ್ಕೊಂದು ಅಂಟಿಸಿ ಎಳೆದರೆ ನಿನ್ನ ಮೇಜಿನ ಮೇಲೆಯೇ ಇದನ್ನು ನೋಡಬಹುದು. ಷಟ್ಕೋನದ ಮೂಲೆಗಳು ಸುಲಭವಾಗಿ ಮಡಚುವಂತೆ ಮೊದಲೇ ಗೀರಿಕೊಂಡಿರಬೇಕು.